ನಾಲ್ಕನೇ ಅತ್ತೆಯ ಬನ್ನು

ಬೇಕರಿಯ ಮೋಕ್ ಕಾಮ್‌ತೋ ತೀರಿಕೊಂಡಾಗ ಶಾವ್‌ಕೀವಾನ್‌ನ ಜನ ಮೊದಲು ಗಮನಿಸಿದ್ದು ಅವನ ಹೆಂಡತಿ ಬಿಕ್‌ಹಾ ಅಳಲಿಲ್ಲ ಎಂಬುದನ್ನು. ಆಮೇಲೆ ಗಮನಿಸಿದ್ದು, ಬನ್ನು ಗಟ್ಟಿಯಾದದ್ದನ್ನು.

ಬ್ರಿಟಿಷರು ಹಾಂಗ್‌ಕಾಂಗಿನಿಂದ ಗಂಟುಮೂಟೆ ಕಟ್ಟುವುದಕ್ಕೆ ಮುಂಚಿನ ಚಳಿಗಾಲ ಅದು. ಶವಸಂಸ್ಕಾರದ ದಿನ ತಾವೋ ಅರ್ಚಕರು ತಾಳ ಬಡಿಯುತ್ತಿದ್ದರು. ಸತ್ತವನಿಗೆ ಪರಲೋಕದಲ್ಲಿ ಸಿಗಲೆಂದು ಕಾಗದದ ಮನೆ, ಕಾಗದದ ಕಾರು, ಕಾಗದದ ಆಳುಗಳು ಒಂದೊಂದಾಗಿ ಉರಿದುಹೋಗುತ್ತಿದ್ದವು. ಮಗಳು ಕಾಮನ್ ಪಕ್ಕದಲ್ಲಿ ಕೂತು ತಾಯಿಯ ಮೊಣಕೈ ಚಿವುಟಿದಳು.

"ಅಮ್ಮಾ, ಸ್ವಲ್ಪನಾದ್ರೂ ಅಳು. ಎಲ್ರೂ ನೋಡ್ತಿದಾರೆ."

"ಬರ್ತಿಲ್ಲ ಕಣೆ," ಅಂದಳು ಬಿಕ್‌ಹಾ.

ನಿಜವಾಗಿಯೂ ಬರುತ್ತಿರಲಿಲ್ಲ. ಕೈ ಮೇಲೆ ಮಲಗಿ ಎದ್ದಾಗ ಕೈ ತನ್ನದಲ್ಲ ಅನ್ನಿಸುತ್ತದಲ್ಲ, ಒಳಗೆಲ್ಲ ಹಾಗೆ ಜೋಮು ಹಿಡಿದಿತ್ತು. ಚಿವುಟಿದ್ದು ಗೊತ್ತಾಯಿತು, ನೋವಾಗಲಿಲ್ಲ. ಬಂದವರಿಗೆಲ್ಲ ತಲೆಬಾಗಿದಳು, ಮನೆಗೆ ಬಂದು ಕಾಲು ತೊಳೆದು ಮಲಗಿದಳು. ಕೆಲವು ದಿನ ಕಳೆದ ಮೇಲೆ ಬೇಕರಿಯ ಬಾಗಿಲೆತ್ತಿದಳು. ಬೇರೇನು ಮಾಡಬೇಕೆಂದು ಹೊಳೆಯಲಿಲ್ಲ.

ಟ್ರ್ಯಾಮು ಕೊನೆಗೊಳ್ಳುವ ಜಾಗದಿಂದ ಕೂಗಳತೆಯಲ್ಲಿತ್ತು ಬೇಕರಿ. ಮದುವೆಯಾದಾಗಿನಿಂದಲೂ ಅಲ್ಲಿ ಕೆಲಸ ಎರಡು ಭಾಗವಾಗಿತ್ತು. ಹಿಟ್ಟು ಅವನದು, ಹೂರಣ ಅವಳದು. ಪಕ್ಕದ ಅಂಗಡಿಯಿಂದ ಜೇನು ಸವರಿ ಸುಟ್ಟ ಹಂದಿಮಾಂಸ ತಂದು, ಕೊಬ್ಬು ಬೇರೆ ಮಾಂಸ ಬೇರೆ ಮಾಡಿ, ಹುಣಸೆಬೀಜದಷ್ಟು ದಪ್ಪಕ್ಕೆ ಕೊಚ್ಚುವುದು. ಈರುಳ್ಳಿಯನ್ನು ಹಂದಿಕೊಬ್ಬಿನಲ್ಲಿ ಬಾಡಿಸಿ, ಸೋಯಾ ರಸ, ಸಿಂಪಿಯ ರಸ, ಸಕ್ಕರೆ ಹಾಕಿ, ಜೋಳದ ಹಿಟ್ಟಿನ ನೀರು ಬಿಟ್ಟು ಮಂದವಾಗುವ ತನಕ ತಿರುವಿ, ಮಾಂಸ ಬೆರೆಸಿ ತಣ್ಣಗಾಗಲು ಇಡುವುದು. ಹೂರಣ ಆರಿ ಗಟ್ಟಿಯಾಗಿದ್ದರೆ ಮಾತ್ರ ಹಿಟ್ಟಿನೊಳಗೆ ಕೂರುತ್ತದೆ, ಇಲ್ಲವಾದರೆ ಸೋರುತ್ತದೆ. ಇದೆಲ್ಲ ಅವಳಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ಹಿಟ್ಟನ್ನು ಮಾತ್ರ ಕಾಮ್‌ತೋ ಮುಟ್ಟಗೊಟ್ಟಿರಲಿಲ್ಲ. "ಹೆಂಗಸರ ಕೈ ಬಿಸಿ, ಹಿಟ್ಟು ಕೆಡುತ್ತೆ," ಅಂದಿದ್ದ ಒಮ್ಮೆ. ಮಿತಭಾಷಿ. ಆ ಮಾತಿಗಿಂತ ಹೆಚ್ಚಿನ ವಿವರಣೆ ಅವನಿಂದ ಯಾವತ್ತೂ ಬರಲಿಲ್ಲ, ಅವಳೂ ಕೇಳಲಿಲ್ಲ.

ಈಗ ಅವಳೇ ಕಲಸಿದಳು. ಮೈದಾ, ಯೀಸ್ಟು, ಹಾಲಿನಪುಡಿ, ಸಕ್ಕರೆ, ಮೊಟ್ಟೆ, ಎಲ್ಲ ಅವೇ. ಬನ್ನು ಉಬ್ಬಿತು, ಮೇಲೆ ಹೊಂಬಣ್ಣವೂ ಬಂತು, ಪಾಕ ಸವರಿದ ಮೇಲೆ ಹೊಳೆಯಿತು ಕೂಡ. ಮುರಿದರೆ ಒಣ ಸ್ಪಂಜಿನ ಹಾಗೆ ಪುಡಿಪುಡಿ. ಮಧ್ಯಾಹ್ನದ ಹೊತ್ತಿಗೆ ಕಲ್ಲು.

ಗಂಡ ಸತ್ತವಳು ಅಂತ ಜನ ಬಾಯಿ ಮುಚ್ಚಿಕೊಂಡು ತಿಂದರು. ಮುದುಕ ಚೋಯ್ ಮಾತ್ರ ಮೂರನೇ ಸಲ ಬಂದಾಗ ತಡೆಯಲಾರದೆ ಹೇಳಿಬಿಟ್ಟ. ಅವನು ಹಿಂದೆ ಮೀನುದೋಣಿಯಲ್ಲಿದ್ದವ, ಈಗ ಬೆಳಿಗ್ಗೆ ಬನ್ನು, ಸಂಜೆ ಇಸ್ಪೀಟು.

"ನೋಡಮ್ಮಾ ಬಿಕ್‌ಹಾ, ಬೇಜಾರು ಮಾಡ್ಕೋಬೇಡ. ನನ್ನ ಬಾಯಲ್ಲಿರೋದು ಕಟ್ಟಿಸಿದ ಹಲ್ಲು. ಮೋಕ್ ಇದ್ದಾಗ ಅದನ್ನ ತೆಗೆದಿಟ್ಟು ತಿಂತಿದ್ದೆ. ಈಗ ಹಾಕ್ಕೊಂಡೂ ಆಗ್ತಿಲ್ಲ."

"ಹಾಲಿಗೆ ಅದ್ಕೊಂಡು ತಿನ್ನಿ ಚೋಯ್ ಮಾವ," ಅಂದಳು.

"ಅದ್ದಿದೆ. ಹಾಲು ಗಟ್ಟಿಯಾಯ್ತು."

ಪಕ್ಕದ ಕಷಾಯದಂಗಡಿಯ ಲೋಕ್ ಅಕ್ಕ ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಬಿಕ್‌ಹಾಳಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆ ಸಂಜೆ ಕಾಮನ್ ಫೋನಿನಲ್ಲಿ, "ಸಾಕಮ್ಮಾ, ಅಂಗಡಿ ಯಾರಿಗಾದ್ರೂ ಕೊಟ್ಬಿಡು. ನಮ್ಮನೇಲಿ ಬಂದಿರು," ಅಂದಳು. "ನೋಡೋಣ," ಅಂದಳು ಇವಳು.

ಅವಳಿಗೆ ನೆನಪಾದದ್ದು ಬೇರೆಯದು. ನಾಲ್ಕನೇ ಅತ್ತೆಗೆ ಸುದ್ದಿ ಯಾರೂ ಹೇಳಿಲ್ಲ.

ಕಾಮ್‌ತೋನ ತಾಯಿ ಕ್ಷಾಮದ ವರ್ಷಗಳಲ್ಲಿ ಸತ್ತಾಗ ಅವನನ್ನು ಸಾಕಿದವಳು ಅಪ್ಪನ ನಾಲ್ಕನೇ ತಂಗಿ. ಗಡಿಯಾಚೆ ಚೀನಾದ ಸೆಕ್‌ಲುಂಗ್ ಊರಲ್ಲಿ ಒಂಟಿಯಾಗಿದ್ದಳು. ಫೋನಿಲ್ಲ, ಓದಲು ಬರೆಯಲು ಬಾರದು. ಗಡಿ ಸಲೀಸಾದ ಮೇಲೆ ಕಾಮ್‌ತೋ ಶನಿವಾರ ಬೆಳಗಿನ ಬೇಕಿಂಗ್ ಮುಗಿಸಿ, ಬಿಕ್‌ಹಾ ಕಟ್ಟಿಕೊಟ್ಟ ಬನ್ನಿನ ಡಬ್ಬಿ ಹಿಡಿದು ರೈಲು ಹತ್ತುತ್ತಿದ್ದ, ಭಾನುವಾರ ಸಂಜೆಗೆ ವಾಪಸ್ಸು. ಅನ್ನ ಹಾಕಿದ ಅತ್ತೆಯನ್ನು ನೋಡಿಕೊಳ್ಳುವ ಗಂಡನ ಬಗ್ಗೆ ಬಿಕ್‌ಹಾಳಿಗೆ ಹೆಮ್ಮೆಯೇ ಇತ್ತು. ಕೆಲವು ವರ್ಷಗಳ ಹಿಂದೆ ಅವನು, "ಅತ್ತೆಗೆ ಈಗೀಗ ಸಿಹಿ ಹಿಡಿಸ್ತಿಲ್ಲ. ಅವಳ ಪಾಲಿಗೆ ಸಕ್ಕರೆ ಕಮ್ಮಿ, ಈರುಳ್ಳಿ ಜಾಸ್ತಿ ಹಾಕು," ಅಂದಿದ್ದ. ಅವತ್ತಿನಿಂದ ಶನಿವಾರ ಆ ಡಬ್ಬಿಗೆ ಬೇರೆ ಬಾಣಲೆ ಇಡುತ್ತಿದ್ದಳು. ಮುದಿ ನಾಲಿಗೆ ಪಾಪ, ಏನು ಬೇಡುತ್ತೋ ಅಂದುಕೊಂಡು.

ಮುಂದಿನ ಶನಿವಾರ ಅಂಗಡಿ ಮುಚ್ಚಿ, ತನ್ನ ಗಟ್ಟಿ ಬನ್ನನ್ನೇ ಡಬ್ಬಿಗೆ ತುಂಬಿ, ಕೂದಲಲ್ಲಿ ವಿಧವೆಯ ಬಿಳಿ ಉಣ್ಣೆಯ ಹೂವು ಸಿಕ್ಕಿಸಿಕೊಂಡು ಹೊರಟಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಹೋಗಿದ್ದ ಮನೆ. ನದಿಯ ದಂಡೆ, ಲೋಂಗಾನ್ ಹಣ್ಣಿನ ಮರ, ಅದರ ಹಿಂದಿನ ಓಣಿ, ಹಸಿರು ಬಾಗಿಲು. ಊರೆಲ್ಲ ಕಾರ್ಖಾನೆಗಳೆದ್ದು ಗುರುತು ಸಿಗದಂತಾಗಿತ್ತು. ಮರ ಮಾತ್ರ ಅಲ್ಲೇ ಇತ್ತು.

ಬಾಗಿಲು ತೆರೆದವಳಿಗೆ ಮೂವತ್ತೈದರ ಆಸುಪಾಸು. ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ, ಮೈಮೇಲೆ ಗಂಡಸರ ಬೂದು ಸ್ವೆಟರು. ಮೊಣಕೈ ಬಳಿ ಕಂದು ನೂಲಿನಲ್ಲಿ ತೇಪೆ. ಆ ತೇಪೆ ಹಾಕಿದವಳು ಬಿಕ್‌ಹಾ. ಸ್ವೆಟರು ರೈಲಲ್ಲಿ ಕಳೆದುಹೋಯಿತು ಅಂದಿದ್ದ ಕಾಮ್‌ತೋ.

ಆ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಬಂದವಳ ಗುರುತು ಹತ್ತಿದ್ದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು.

"ಅತ್ತೆ ಇಲ್ವಾ?" ಅಂತ ಕೇಳಿದಳು ಬಿಕ್‌ಹಾ.

"ಒಳಗೆ ಬನ್ನಿ."

ಒಳಗೆ ಗೋಡೆಯ ಗೂಡಿನಲ್ಲಿ ಎರಡು ಕೆಂಪು ಬಲ್ಬು ಉರಿಯುತ್ತಿದ್ದವು. ನಡುವೆ ನಾಲ್ಕನೇ ಅತ್ತೆಯ ಫೋಟೊ, ಮುಂದೆ ಕಿತ್ತಳೆ, ಊದುಬತ್ತಿಯ ಬೂದಿ.

"ಯಾವಾಗ?"

"ಹುಂಜದ ವರ್ಷದಲ್ಲಿ. ಚಳಿಗಾಲಕ್ಕೆ." ಆಕೆ ಬೆಂಚಿನ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿದಳು. "ನಾನು ಫಾಂಗ್‌ಮೇ. ಅಜ್ಜಿ ಹಾಸಿಗೆ ಹಿಡಿದಾಗ ನೋಡ್ಕೊಳ್ಳೋಕೆ ಅಂತ ನನ್ನ ಇಟ್ಟಿದ್ರು. ದೂರದ ಗ್ವಾಂಗ್‌ಸಿ ಕಡೆಯವಳು. ಅಜ್ಜಿ ಹೋದ್ಮೇಲೆ..."

ಹುಂಜದ ವರ್ಷ, ಅಂದರೆ ಮೂರು ವರ್ಷದ ಮೇಲಾಯಿತು. ಬಿಕ್‌ಹಾ ಬೆಂಚಿನ ಮೇಲೆ ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಎಷ್ಟು ಶನಿವಾರ ಹೋದವು ಎಂದು ಲೆಕ್ಕ ಹಾಕಲು ಹೋಗಲಿಲ್ಲ. ಅವಳ ಬಾಯಿಂದ ಬಂದ ಪ್ರಶ್ನೆ ಅವಳಿಗೇ ವಿಚಿತ್ರವೆನಿಸಿತು.

"ಈರುಳ್ಳಿ ಜಾಸ್ತಿ ಹಾಕು ಅಂದದ್ದು ಯಾರು?"

ಫಾಂಗ್‌ಮೇ ನೆಲ ನೋಡಿದಳು. "ನಾನು. ನಂಗೆ ಸಿಹಿ ಆಗಲ್ಲ."

"ಹೂಂ," ಅಂದಳು ಬಿಕ್‌ಹಾ.

"ಜಗಳ ಆಡೋಕೆ ಬಂದಿದ್ರೆ ಆಡಿಬಿಡಿ, ಅಕ್ಕಾ. ಹೊಡೆಯೋದಾದ್ರೆ ಹೊಡೀರಿ, ನಾನು ಕೈ ಎತ್ತಲ್ಲ. ಆದ್ರೆ ಅವರನ್ನೇ ಕಳಿಸ್ಬೇಕಿತ್ತು. ಬರದೇ ಇದ್ರೆ ಬರಲ್ಲ ಅಂತ ಅವರ ಬಾಯಲ್ಲೇ ಕೇಳ್ಬೇಕು ನಾನು."

"ಅಕ್ಕ ಅನ್ಬೇಡ." ಬಿಕ್‌ಹಾಳ ದನಿಯಲ್ಲಿ ಏರಿಳಿತವಿರಲಿಲ್ಲ. "ಅವರು ತೀರ್ಕೊಂಡ್ರು."

"ಸಾವಿನ ಮಾತು ಹೀಗೆ ಆಡ್ಬಾರ್ದು. ಏನೇ ಸಿಟ್ಟಿದ್ರೂ."

ಬಿಕ್‌ಹಾ ತಲೆ ತಿರುಗಿಸಿ ಕೂದಲ ಹೂವನ್ನು ತೋರಿಸಿದಳು.

ಫಾಂಗ್‌ಮೇ ಅದನ್ನೇ ನೋಡಿದಳು. ಆಮೇಲೆ ನೆಲಕ್ಕೆ ಕುಸಿದು, ಬೆಂಚಿನ ಕಾಲು ಹಿಡಿದುಕೊಂಡು ಅಳತೊಡಗಿದಳು. ಹೊಟ್ಟೆಯ ತಳದಿಂದ ಬರುವ ಅಳು, ಓಣಿಯವರೆಗೂ ಕೇಳಿಸುವಂಥದ್ದು. ಸಂಸ್ಕಾರದ ದಿನ ಊರವರು ತನ್ನಿಂದ ಕಾಯುತ್ತಿದ್ದ ಅಳು ಇದೇ ಇರಬೇಕು ಎಂದು ಬಿಕ್‌ಹಾಳಿಗೆ ಅನ್ನಿಸಿತು. ಅಂಗಡಿಯ ಗಾಜಿನಾಚೆ ಟ್ರ್ಯಾಮು ಹೋಗುವುದನ್ನು ನೋಡುವ ಹಾಗೆ ಅದನ್ನು ನೋಡುತ್ತ ಕೂತಳು.

ತುಂಬ ಹೊತ್ತಾದ ಮೇಲೆ ಫಾಂಗ್‌ಮೇ ಕೇಳಿದಳು. "ಹತ್ತಿರ ಯಾರಿದ್ರು?"

"ನಾನೇ. ಓವನ್ ಮುಂದೆ ನಿಂತಿದ್ರು. ಸುಸ್ತು ಅಂತ ಮೈದಾ ಮೂಟೆ ಮೇಲೆ ಕೂತ್ರು. 'ಟ್ರೇ ತಿರುಗಿಸು, ಆ ಕಡೆ ಬಣ್ಣ ಹತ್ತಿದೆ' ಅಂದ್ರು. ತಿರುಗಿಸಿ ಬಾಗಿಲು ಹಾಕಿ ನೋಡ್ತೀನಿ, ಹೋಗಿಬಿಟ್ಟಿದ್ರು."

"ಬೇರೇನೂ ಅನ್ನಲಿಲ್ವಾ?"

"ಅವರು ಯಾವತ್ತು ಏನು ಅಂದಿದ್ದಾರೆ? ಮಾತಾಡೋ ಮನುಷ್ಯನಾ?"

ಫಾಂಗ್‌ಮೇ ಮುಖವೆತ್ತಿದಳು. ಕಣ್ಣು, ಮೂಗು ಎಲ್ಲ ಒದ್ದೆ. "ಇಲ್ಲಿ ಬಾಯಿ ಮುಚ್ತಿರ್ಲಿಲ್ಲ," ಅಂದಳು. ನೋಯಿಸಬೇಕೆಂದು ಅಂದ ಮಾತಲ್ಲ, ಸುಮ್ಮನೆ ಬಾಯಿಂದ ಬಿದ್ದದ್ದು. "ಚಿಕ್ಕವರಿದ್ದಾಗ ನದೀಲಿ ಮುಳುಗಿದ್ದು, ಅಜ್ಜಿ ಇವರ ಕೂದಲು ಹಿಡಿದು ದಡಕ್ಕೆಳೆದದ್ದು, ಹಾಂಗ್‌ಕಾಂಗಿಗೆ ಓಡಿ ಹೋದದ್ದು. ಹೇಳಿದ್ದನ್ನೇ ಹೇಳೋರು."

ಬಿಕ್‌ಹಾಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಒಳಗಿನ ಜೋಮಿನ ನಡುವೆ ಎಲ್ಲೋ ಒಂದು ಕಡೆ ಸೂಜಿ ತಾಗಿದಂತಾಯಿತು. ಸ್ವೆಟರು ನೋಡಿದಾಗ ಆಗದಿದ್ದದ್ದು, ಹುಂಜದ ವರ್ಷ ಎಂದಾಗ ಆಗದಿದ್ದದ್ದು. ಅದು ಹಾಗೇ ಮಾಯವೂ ಆಯಿತು. ಅವಳು ಎದ್ದಳು.

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ?"

ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋಗಿ ಕಬ್ಬಿಣದ ಬಾಣಲೆ ಸಣ್ಣ ಉರಿಗಿಟ್ಟು, ಬನ್ನು ಜೋಡಿಸಿ, ನೀರು ಚಿಮುಕಿಸಿ ಮುಚ್ಚಳ ಹಾಕಿದಳು. ಬಿಸಿಯಾದದ್ದನ್ನು ತಂದು ಅವಳ ಕೈಗಿತ್ತಳು. ಫಾಂಗ್‌ಮೇ ಬಿಕ್ಕುತ್ತಲೇ ಕಚ್ಚಿದಳು, ಅಗಿದಳು, ಇನ್ನೂ ಅಗಿದಳು. ಅಳುವಿನ ನಡುವೆಯೂ ಅವಳ ಹುಬ್ಬು ಗಂಟಿಕ್ಕಿತು.

"ಇದನ್ನ ಅವರು ಕಲಸಿಲ್ಲ."

"ನಾನು ಕಲಸಿದ್ದು."

"ಒಣ ಹಿಟ್ಟು ಉದುರಿಸ್ತೀರಾ ನೀವು. ಅಂಟುತ್ತೆ ಅಂತ."

ಬಿಕ್‌ಹಾ ಅವಳನ್ನೇ ನೋಡಿದಳು. "ನಿಂಗೆ ಹ್ಯಾಗೆ ಗೊತ್ತು?"

ಫಾಂಗ್‌ಮೇ ತೋಳಿನಿಂದ ಮೂಗು ಒರೆಸಿಕೊಂಡು ಹಿತ್ತಿಲ ಬಾಗಿಲು ತೆರೆದಳು. ಅಲ್ಲಿ ಎಣ್ಣೆಪೀಪಾಯಿ ಕೊಯ್ದು, ಮಣ್ಣು ಮೆತ್ತಿ ಮಾಡಿದ ಒಲೆಯೊಂದಿತ್ತು. ಒಳಗೆ ತಂತಿಯ ಜಾಲರಿ, ಬಾಗಿಲಿಗೆ ಮರದ ಹಿಡಿ. ಆ ಹಿಡಿಯನ್ನು ಕೆತ್ತಿದ ಕೈಯನ್ನು ಬಿಕ್‌ಹಾ ಬಲ್ಲಳು. "ಭಾನುವಾರ ಬೆಳಿಗ್ಗೆ ಮಾಡ್ತಿದ್ವಿ. ಮೊದಲು ಅವರೇ ಕಲಸೋರು. ಆಮೇಲೆ ನಂಗೆ ಬಿಟ್ರು."

"ಹೆಂಗಸರ ಕೈ ಬಿಸಿ ಅನ್ನಲಿಲ್ವಾ?"

"ಅಂದ್ರು. ಹಾಗಾದ್ರೆ ತಣ್ಣೀರಲ್ಲಿ ಅದ್ಕೊಳ್ತೀನಿ ಅಂದೆ. ನಕ್ಕುಬಿಟ್ರು."

ಅಷ್ಟೇ ಸುಲಭದ ಮಾತು. ಅಷ್ಟು ವರ್ಷ ತನಗೇಕೆ ಹೊಳೆಯಲಿಲ್ಲ ಎಂದು ಬಿಕ್‌ಹಾ ಒಂದು ಗಳಿಗೆ ಒಲೆಯ ಮುಂದೆ ನಿಂತಳು. ನಂತರ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದಳು.

"ತೋರಿಸು," ಅಂದಳು.

"ಈಗ್ಲಾ?"

"ಸಂಜೆ ರೈಲಿಗೆ ಹೋಗ್ಬೇಕು ನಾನು."

ಫಾಂಗ್‌ಮೇ ಮುಖ ತೊಳೆದು ಬಂದು, ಮಣ್ಣಿನ ಪಾತ್ರೆಯಿಂದ ಹುಳಿಬಂದ ಹಳೆಯ ಹಿಟ್ಟಿನ ಮುದ್ದೆ ತೆಗೆದಳು. ಅದನ್ನು ಚೂರುಚೂರು ಮಾಡಿ ಹೊಸ ಮೈದಾಕ್ಕೆ ಹಾಕಿ, ಹಾಲು ಮೊಟ್ಟೆ ಹೊಯ್ದಳು. ಕಲಸಿದ್ದು ಗಂಜಿಗಿಂತ ಸ್ವಲ್ಪ ಗಟ್ಟಿ ಅಷ್ಟೆ. ಬಿಕ್‌ಹಾಳ ಕೈ ತಾನಾಗಿಯೇ ಮೈದಾ ಚೀಲದ ಕಡೆ ಹೋಯಿತು.

"ಬೇಡ. ಅಂಟಿದ್ರೆ ಅಂಟಲಿ."

"ಇದು ಹಲಗೆಗೇ ಕಚ್ಕೊಂಡಿದೆ."

"ಬಿಡುತ್ತೆ. ಎತ್ತಿ ಬಡೀರಿ. ಮಡಚಿ, ಮತ್ತೆ ಬಡೀರಿ. ಸಿಟ್ಟು ಬರ್ಬೇಕು ನಿಮಗೆ, ಹಿಟ್ಟು ಉದುರಿಸ್ಬಾರ್ದು. ಹಾಗಂತ ಅವರು ಹೇಳೋರು."

ಬಿಕ್‌ಹಾ ಬಡಿದಳು. ಹಿಟ್ಟು ಬೆರಳಿಗೆ, ಮಣಿಕಟ್ಟಿಗೆ, ಬಳೆಗೆ ಮೆತ್ತಿಕೊಂಡಿತು. ಎತ್ತಿ ಬಡಿದಳು, ಮಡಚಿದಳು, ಬಡಿದಳು. ಹಲಗೆ ಕುಣಿಯಿತು. ಅಕ್ಕಪಕ್ಕದವರು ಜಗಳ ಶುರುವಾಯಿತೆಂದು ಕಿವಿಗೊಟ್ಟಿರಬೇಕು, ಗೋಡೆಯಾಚೆಯ ರೇಡಿಯೊ ನಿಂತಿತು. ತೋಳು ಸೋಲುವ ಹೊತ್ತಿಗೆ ಹಿಟ್ಟು ಒಂದು ಸಲ ಹಲಗೆ ಬಿಟ್ಟು ಪೂರ್ತಿ ಎದ್ದು ಬಂತು, ನಯವಾಗಿ, ಮಗುವಿನ ಕೆನ್ನೆಯ ಹಾಗೆ. ಆಗ ಫಾಂಗ್‌ಮೇ ಹಂದಿಕೊಬ್ಬಿನ ಉಂಡೆ ತಂದು ಮೇಲಿಟ್ಟಳು.

"ಕೊಬ್ಬು ಕೊನೆಗೆ. ಮೊದಲೇ ಹಾಕಿದ್ರೆ ಹಿಟ್ಟು ಸೋಮಾರಿ ಆಗುತ್ತೆ."

"ಇದೂ ಅವರ ಮಾತಾ?"

"ಇಲ್ಲ. ಇದು ನಂದು."

ಹಿಟ್ಟು ಒದ್ದೆ ಬಟ್ಟೆಯಡಿ ಏರುತ್ತಿರುವಾಗ ಬಿಕ್‌ಹಾ ಹೂರಣ ಮಾಡಿದಳು. ಓಣಿಯ ತುದಿಯ ಅಂಗಡಿಯಲ್ಲಿ ಸಿಕ್ಕ ಸುಟ್ಟ ಮಾಂಸ ಸಾಧಾರಣದ್ದು, ಆದರೂ ಅವಳ ಕೈ ಅದನ್ನು ದಾರಿಗೆ ತಂದಿತು. ಫಾಂಗ್‌ಮೇ ಬಾಗಿಲಿಗೊರಗಿ ನೋಡುತ್ತಿದ್ದಳು.

"ಇದನ್ನ ನಾವಿಲ್ಲಿ ಎಷ್ಟು ಮಾಡಿದ್ರೂ ಬರ್ತಿರ್ಲಿಲ್ಲ. ಸೋರೋದು. 'ಅದು ಅವಳ ಕೆಲಸ, ನಂಗೆ ಗೊತ್ತಿಲ್ಲ' ಅನ್ನೋರು."

"ಆರೋದಕ್ಕೆ ಬಿಡ್ಬೇಕು," ಅಂದಳು ಬಿಕ್‌ಹಾ. "ಅಷ್ಟೇ. ಅವರಿಗೆ ತಾಳ್ಮೆ ಇರ್ಲಿಲ್ಲ."

ಉಂಡೆ ಹಿಡಿದು, ತಟ್ಟಿ, ಹೂರಣವಿಟ್ಟು, ಅಂಚು ಸೇರಿಸಿ ಚಿವುಟಿ, ಚಿವುಟಿದ ಕಡೆ ಕೆಳಗೆ ಮಾಡಿ ಜೋಡಿಸಿದರು. ಇಬ್ಬರ ಕೈಯೂ ಒಂದೇ ರೀತಿ ಚಿವುಟುತ್ತಿತ್ತು. ಮೊಟ್ಟೆ ಸವರಿ, ಎಳ್ಳುದುರಿಸಿ ಪೀಪಾಯಿ ಒಲೆಗಿಟ್ಟರು. ಬೇಯುವಷ್ಟು ಹೊತ್ತು ಹಿತ್ತಿಲ ಕಟ್ಟೆಯ ಮೇಲೆ ನಡುವೆ ಜಾಗ ಬಿಟ್ಟು ಕೂತರು. ಒಮ್ಮೆ ಫಾಂಗ್‌ಮೇ ಮತ್ತೆ ಅತ್ತಳು, ಈ ಸಲ ಸದ್ದಿಲ್ಲದೆ. ಬಿಕ್‌ಹಾ ಬೆಂಕಿ ನೋಡುತ್ತಿದ್ದಳು. ಈ ಹೆಂಗಸನ್ನು ದ್ವೇಷಿಸಬೇಕೆಂದು ಅವಳಿಗೆ ಗೊತ್ತಿತ್ತು. ನಾಳೆಯೋ ನಾಡಿದ್ದೋ ಆ ದ್ವೇಷ ಬರಲೂಬಹುದು. ಈಗ ತೋಳು ನೋಯುತ್ತಿತ್ತು, ಅದಷ್ಟೇ ಸ್ಪಷ್ಟವಾಗಿ ತಿಳಿಯುತ್ತಿತ್ತು.

ಹೊರತೆಗೆದು ಪಾಕ ಸವರಿ, ಒಂದನ್ನು ಮುರಿದಳು. ಎಳೆಎಳೆಯಾಗಿ ಬಿಟ್ಟುಕೊಂಡಿತು, ಒಳಗಿಂದ ಹಬೆ. ಬಾಯಿಗಿಟ್ಟರೆ ಕಾಮ್‌ತೋನದೇ ಬನ್ನು. ಅಗಿದು ನುಂಗಿ, ಕೈ ತೊಳೆದು, ಕೋಟು ಹಾಕಿಕೊಂಡಳು.

"ಸ್ವೆಟರು ಬೇಕಾದ್ರೆ ತಗೊಂಡೋಗಿ," ಅಂದಳು ಫಾಂಗ್‌ಮೇ ಬಾಗಿಲಲ್ಲಿ.

"ಇರ್ಲಿ. ಚಳಿ ಇದೆ."

ಸೋಮವಾರ ಅಂಗಡಿಯಲ್ಲಿ ಮುದುಕ ಚೋಯ್ ಹಲ್ಲು ತೆಗೆದು ಜೇಬಿಗಿಟ್ಟು ಎರಡು ಬನ್ನು ತಿಂದ. ಲೋಕ್ ಅಕ್ಕ ಮುರಿದು, ಮೂಸಿ, ಬಿಕ್‌ಹಾಳ ಮುಖ ನೋಡಿದಳು. "ಮೋಕ್ ಬಂದು ಕಲಸಿಕೊಟ್ಟು ಹೋದ್ನೇನೇ?" ಆ ವಾರ ಕಾಮನ್ ಬಂದವಳು ಅಂಗಡಿ ಮಾರುವ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಬನ್ನು ತಿಂದಳು.

"ಯಾರು ಹೇಳ್ಕೊಟ್ರಮ್ಮಾ?"

"ನಾಲ್ಕನೇ ಅತ್ತೆ."

"ಅವರು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ," ಅಂದಳು ಬಿಕ್‌ಹಾ. ಸುಳ್ಳು ನಾಲಿಗೆಯ ಮೇಲೆ ಎಲ್ಲೂ ತಡೆಯಲಿಲ್ಲ. ಕಾಮ್‌ತೋಗೂ ಹೀಗೇ ಸಲೀಸಾಗಿ ಬರುತ್ತಿತ್ತೇನೋ.

ಮತ್ತೆ ಅವಳು ಸೆಕ್‌ಲುಂಗ್‌ಗೆ ಹೋಗಲಿಲ್ಲ. ಶನಿವಾರ ಡಬ್ಬಿ ಕಟ್ಟಲಿಲ್ಲ. ದ್ವೇಷ ಬಂತು. ಕೆಲವು ಬೆಳಿಗ್ಗೆ ಹಿಟ್ಟು ಬಡಿಯುವಾಗ ಇದ್ದಕ್ಕಿದ್ದಂತೆ ಬಂದು, ಹಿಟ್ಟು ಹಲಗೆ ಬಿಡುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಅದು ಅವಳ ಮೇಲೋ ಅವನ ಮೇಲೋ ಎಂದು ಬಿಡಿಸಿ ನೋಡಲಿಲ್ಲ. ಅಳು ಬರಲೇ ಇಲ್ಲ.

ವಸಂತದಲ್ಲಿ ಹಿರಿಯರ ಸಮಾಧಿ ಗುಡಿಸುವ ಹಬ್ಬದ ದಿನ ಫಾಂಗ್‌ಮೇ ಅಂಗಡಿಯ ಮುಂದೆ ಬಂದು ನಿಂತಳು. ಹೇಗೋ ಒಂದು ಪ್ರವಾಸಿ ಗುಂಪಿನೊಂದಿಗೆ ಗಡಿ ದಾಟಿದ್ದಳು. ಕೈಯಲ್ಲಿ ಸೇವಂತಿಗೆ, ಹೊಸ ಬೂಟು ಕಚ್ಚಿ ಕುಂಟುತ್ತಿದ್ದಳು.

"ಊರಿಗೆ ವಾಪಸ್ ಹೋಗ್ತಿದೀನಿ, ಮಾಲೀಕಮ್ಮ," ಅಂದಳು. ಅಕ್ಕ ಅನ್ನಲಿಲ್ಲ. "ಹೋಗೋಕೆ ಮುಂಚೆ ಒಂದ್ಸಲ ನೋಡ್ಬೇಕು ಅಂತ. ಜಾಗ ಹೇಳಿದ್ರೆ ಸಾಕು, ನಾನೇ ಹೋಗ್ತೀನಿ."

ಲೋಕ್ ಅಕ್ಕ ಕುತೂಹಲದಿಂದ ಕತ್ತು ಚಾಚಿದಳು. "ಯಾರೇ ಇವ್ಳು?"

"ಅತ್ತೆಯ ಮನೆಯವಳು," ಎಂದು ಬಿಕ್‌ಹಾ ಏಪ್ರನ್ ಬಿಚ್ಚಿದಳು. "ನಿಂಗೆ ಸಿಗಲ್ಲ ಅದು, ನಡಿ. ಅಲ್ಲಿ ಎಲ್ಲ ಗೋಡೇನೂ ಒಂದೇ ಥರ ಇದೆ."

ಚಾಯ್‌ವಾನ್ ಗುಡ್ಡದ ಮೇಲೆ ಜಾತ್ರೆಯಂಥ ಜನ. ಗೋಡೆಗೋಡೆಗೂ ಸತ್ತವರ ಬೂದಿ ಇಟ್ಟ ಸಣ್ಣ ಗೂಡುಗಳು, ಒಂದೊಂದಕ್ಕೂ ಅಂಗೈಯಗಲದ ಫೋಟೊ. ಕಾಮ್‌ತೋನದು ಮೇಲಿನ ಸಾಲು. ಬಿಕ್‌ಹಾ ಸರತಿಯಲ್ಲಿ ಕಾದು ಏಣಿ ತಂದಳು. ಅವಳ ಮಂಡಿ ಏಣಿ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಹಬ್ಬಕ್ಕೆ ವಾರ ಮೊದಲೇ ಬಂದಿದ್ದ ಕಾಮನ್ ಕೂಡ ಅವಸರದಲ್ಲಿ ಫೋಟೊ ಒರೆಸದೆ ಹೋಗಿದ್ದಳು.

"ನೀನು ಹತ್ತು," ಅಂದಳು.

ಫಾಂಗ್‌ಮೇ ಬೂಟು ಕಳಚಿ ಹತ್ತಿದಳು. ಸೇವಂತಿಗೆಯನ್ನು ಗೂಡಿನ ಕೊಳವೆಗೆ ಸಿಕ್ಕಿಸಿ, ಒದ್ದೆ ಬಟ್ಟೆಯಿಂದ ಫೋಟೊ ಒರೆಸತೊಡಗಿದಳು. ಏನೋ ಹೇಳುತ್ತಿದ್ದಳು ಅವನಿಗೆ, ಬಹಳ ಮೆಲ್ಲಗೆ. ಕೆಳಗಿದ್ದ ಬಿಕ್‌ಹಾಳಿಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಅವಳು ಕತ್ತೆತ್ತಲೂ ಇಲ್ಲ. ಹಿಂದಿನವರು ಏಣಿಗಾಗಿ ಗೊಣಗಿದರು.

"ಅಲ್ಲಾಡ್ತಿದೆ," ಅಂದಳು ಮೇಲಿನಿಂದ ಫಾಂಗ್‌ಮೇ. "ಹಿಡ್ಕೊಂಡಿದ್ದೀರಾ?"

"ಹಿಡ್ಕೊಂಡಿದ್ದೀನಿ. ಮೂಲೆ ಒರೆಸು, ಮೂಲೇಲಿ ಧೂಳಿದೆ."

ಫಾಂಗ್‌ಮೇ ಮೂಲೆ ಒರೆಸಿ ಇಳಿದಳು. ಬಿಕ್‌ಹಾ ಏಣಿಯನ್ನು ಹಿಂದೆ ಕಾಯುತ್ತಿದ್ದ ಗಂಡಸಿನ ಕೈಗೆ ಕೊಟ್ಟಳು. ಇಬ್ಬರೂ ಜನರ ನಡುವೆ ದಾರಿ ಮಾಡಿಕೊಂಡು, ಒಬ್ಬಳು ಮಂಡಿ ನೋವಿಗೆ, ಇನ್ನೊಬ್ಬಳು ಬೂಟಿಗೆ ಕುಂಟುತ್ತ, ಬಸ್ಸಿನ ಕಡೆಗೆ ಇಳಿದರು.